ಹಗ್ಗದ ಕೊನೆಯಲ್ಲಿ ನಿಂತ ಸುಬೇದಾರ್

ನರಸಿಂಹರಾಜು ನನ್ನನ್ನು ಮೊದಲ ಸಲ ಬೈದದ್ದು ಕೈಯಲ್ಲಿದ್ದ ಬಳೆಗಳಿಗಾಗಿ. ಹಗ್ಗ ಹಿಡಿಯಲು ಬಂದವಳು ಗಾಜಿನ ಬಳೆ ತೊಟ್ಟು ಬಂದರೆ ಹೇಗೆ ಎಂದು ಎಲ್ಲ ಹೆಂಗಸರ ಮುಂದೆ ಕೇಳಿದರು. ನಾನು ಊರಿನ ಶಾಲೆಯಲ್ಲಿ ಹನ್ನೊಂದು ವರ್ಷದಿಂದ ಟೀಚರು. ಬೈಯುವುದು ನನ್ನ ಕೆಲಸ, ಬೈಸಿಕೊಳ್ಳುವುದಲ್ಲ. ತಿರುಗಿ ಮನೆಗೆ ಹೋಗಿಬಿಡೋಣ ಅನ್ನಿಸಿತು. ಆದರೂ ಬಳೆ ತೆಗೆದು ದುಪಟ್ಟದ ತುದಿಗೆ ಗಂಟು ಹಾಕಿಕೊಂಡೆ. ಆ ಮನುಷ್ಯ ಬೈದರೆ ಕೋಪ ಬರುತ್ತದೆ, ಅವಮಾನ ಆಗುವುದಿಲ್ಲ. ಅದು ಹೇಗೆ ಎಂದು ನನಗೆ ಇವತ್ತಿಗೂ ಗೊತ್ತಾಗಿಲ್ಲ. ಗೊತ್ತಾಗಿದ್ದರೆ ಶಾಲೆಯಲ್ಲಿ ನಾನೂ ಹಾಗೇ ಬೈಯುತ್ತಿದ್ದೆ.

ನಮ್ಮ ಹುಣಸೆಗುಂಟೆ ಮಧುಗಿರಿ ತಾಲೂಕಿನ ಅಂಚಿನ ಊರು. ಊರ ಹೊಲಗಳಲ್ಲಿ ಅರ್ಧ ಸಿರಾ ತಾಲೂಕಿಗೆ ಸೇರಿವೆ. ನರಸಿಂಹರಾಜು ನಮ್ಮ ಕೇರಿಯವರೇ. ಹತ್ತೊಂಬತ್ತಕ್ಕೆ ಸೈನ್ಯ ಸೇರಿ, ಸೇತುವೆ ಕಟ್ಟುವ ದಳವೊಂದರಲ್ಲಿ ಇಪ್ಪತ್ತೆಂಟು ವರ್ಷ ದುಡಿದು, ಸುಬೇದಾರ್ ಆಗಿ ನಿವೃತ್ತರಾಗಿ ಬಂದವರು. ಅಲ್ಲಿ ಒಂಬತ್ತು ವರ್ಷ ದಳದ ಹಗ್ಗಜಗ್ಗಾಟದ ತಂಡದಲ್ಲಿ ಆಡಿದ್ದರು. ಅದೂ ಸಾಲಿನ ಕಟ್ಟಕಡೆಯ ಜಾಗದಲ್ಲಿ, ಹಗ್ಗವನ್ನು ಬೆನ್ನ ಮೇಲೆ ಹಾಯಿಸಿಕೊಂಡು ಹಿಮ್ಮಡಿ ನೆಲಕ್ಕೆ ಊರಿ ನಿಲ್ಲುವವನ ಜಾಗ. ಅವರ ಎಡ ಹೆಗಲ ಮೇಲೆ ಹಗ್ಗ ಉಜ್ಜಿದ ಗುರುತು ಬೆರಳಗಲ ಕಪ್ಪಾಗಿ ಉಳಿದಿದೆ.

ಮಿಲಿಟರಿಯಿಂದ ಬಂದವರು ಊರಲ್ಲಿ ಮಾತನಾಡುತ್ತಾರೆ, ಕೇಳುವವರು ಸಿಕ್ಕರೆ ಗಡಿ, ಗುಂಡು, ಹಿಮ ಎಲ್ಲವನ್ನೂ ಹೇಳುತ್ತಾರೆ. ಇವರು ಹೇಳುವುದಿಲ್ಲ. ಹೋಟೆಲಿಗೆ ಹೋದರೆ ಕೊನೆಯ ಬೆಂಚು, ಸಭೆಗೆ ಹೋದರೆ ಕೊನೆಯ ಸಾಲು. ಪ್ರತಿ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಇಸ್ತ್ರಿ ಅಂಗಿ ಹಾಕಿಕೊಂಡು, ಬಸ್ಸು ಹತ್ತಿ ಪಾವಗಡಕ್ಕೆ ಹೋಗುತ್ತಾರೆ, ಸಂಜೆ ಬರುತ್ತಾರೆ. ಯಾಕೆ ಎಂದು ಹೆಂಡತಿಗೂ ಸರಿಯಾಗಿ ಹೇಳಿಲ್ಲ. ಅಲ್ಲೊಂದು ಸಣ್ಣ ಸಂಸಾರ ಇದೆ ಎಂದು ಊರು ಮಾತಾಡಿಕೊಂಡಿತ್ತು. ಸುಳ್ಳು ಯಾಕೆ, ನಾನೂ ಮಾತಾಡಿಕೊಂಡಿದ್ದೆ.

ಹೋದ ವರ್ಷ ಮಹಿಳಾ ಸಂಘಗಳಿಗೆಂದು ಮಧುಗಿರಿಯಲ್ಲಿ ತಾಲೂಕು ಮಟ್ಟದ ಆಟೋಟ ಇಟ್ಟರು. ಹಗ್ಗಜಗ್ಗಾಟಕ್ಕೆ ಎಂಟು ಜನ, ಒಟ್ಟು ತೂಕ ಐನೂರ ಇಪ್ಪತ್ತು ಕೆಜಿ ಮೀರಬಾರದು. ನಮ್ಮ ಸಂಘದವರು ನರಸಿಂಹರಾಜು ಅವರ ಮನೆ ಬಾಗಿಲಿಗೆ ಹೋಗಿ ಕೂತರು. ಅವರು ಆಯಿತು ಅಂದರು, ಆದರೆ ಒಂದು ಷರತ್ತು: ಯಾರು ಎಲ್ಲಿ ನಿಲ್ಲಬೇಕು ಎಂದು ನಾನು ಹೇಳಿದ ಮೇಲೆ ಚರ್ಚೆ ಇಲ್ಲ.

ಆರೋಗ್ಯ ಕೇಂದ್ರದ ತೂಕದ ಯಂತ್ರ ತರಿಸಿದರು. ನಾನು ಎಪ್ಪತ್ತನಾಲ್ಕು ಕೆಜಿ ತೂಗಿದೆ. ಜೀವನದಲ್ಲಿ ಮೊದಲ ಸಲ ಅದಕ್ಕೆ ಯಾರೋ ತಲೆದೂಗಿದರು. ನನ್ನನ್ನು ಮುಂದಿನಿಂದ ಎರಡನೆಯವಳಾಗಿ ನಿಲ್ಲಿಸಿದರು. ಐದನೆಯವಳು ವೇದಾವತಿ, ನಮ್ಮ ಪಕ್ಕದ ಮನೆಯವಳು, ಕೂಲಿ ಕೆಲಸದಲ್ಲಿ ಕೈ ಕಲ್ಲಾದವಳು. ಎಂಟನೆಯವಳು ಓಬಳಮ್ಮ, ಅಂಗನವಾಡಿಯಲ್ಲಿ ಅಡುಗೆ ಮಾಡುವಾಕೆ, ನಮ್ಮಲ್ಲೆಲ್ಲ ಭಾರ. ಒಂಬತ್ತನೆಯವಳಾಗಿ, ಹಗ್ಗ ಮುಟ್ಟದೆ ಪಕ್ಕದಲ್ಲಿ ನಿಂತು ಕೂಗು ಕೊಡುವವಳು ಬೇಕು. ಅವಳ ಕೂಗಿನ ಪ್ರಕಾರ ಎಂಟೂ ಜನ ಹಿಡಿಯಬೇಕು, ಎಳೆಯಬೇಕು, ಕಾಯಬೇಕು. ಓದಿದವಳು ನಾನೊಬ್ಬಳೇ. ಎರಡನೆಯ ಜಾಗ ಬಿಡಿಸಿ ಆ ಕೆಲಸ ನನಗೇ ಕೊಡುತ್ತಾರೆ ಎಂದು ನಾನು ಗಂಟಲು ಸರಿಮಾಡಿಕೊಂಡು ನಿಂತಿದ್ದೆ.

ಅವರು ಕೊಟ್ಟದ್ದು ಈರಕ್ಕನಿಗೆ. ಗೊಲ್ಲರಹಟ್ಟಿಯಲ್ಲಿ ಕುರಿ ಮೇಯಿಸುವ ಈರಕ್ಕ. ನಲವತ್ತೆರಡು ಕೆಜಿ. ಅಕ್ಷರ ಬರುವುದಿಲ್ಲ. ಸಂಘದ ಪುಸ್ತಕಕ್ಕೆ ಹೆಬ್ಬೆಟ್ಟು ಒತ್ತುತ್ತಾಳೆ.

ನಾನು ಸುಮ್ಮನಿರುವವಳಲ್ಲ. ಅಭ್ಯಾಸ ಮುಗಿದ ಮೇಲೆ ನೇರವಾಗಿ ಕೇಳಿದೆ.

"ಯಾಕ್ ಸಾರ್, ನನ್ ಗಂಟ್ಲು ಸಾಲ್ದಾ?"

"ಸಾಲ್ತದೆ ಮೇಡಂ. ನಿಮಗೆ ಮಾತು ಬತ್ತದೆ. ಆಯಮ್ಮನಿಗೆ ನೋಡೋದು ಬತ್ತದೆ."

"ನಂಗೇನು ಕಣ್ಣಿಲ್ವಾ?"

"ಐತೆ. ನೋಡೋಕೆ ಮುಂಚೆನೇ ನಿಮ್ಮ ಬಾಯಿ ಸುರುವಾಗ್ಬುಡ್ತದೆ. ಆಯಮ್ಮ ಇನ್ನೂರು ಕುರಿ ಕಾಯ್ತಾಳೆ. ಒಂದು ಕುರಿ ಕಾಲೆಳೆದ್ರೆ ಅದು ಹಿಂದಕ್ಕೆ ಬೀಳಕ್ಕಿಂತ ಮುಂಚೆ ಕಂಡಿರ್ತಾಳೆ."

ಒಂದು ವಾರ ನಾನು ಅವರ ಜೊತೆ ಮಾತು ಬಿಟ್ಟೆ. ಅವರಿಗೆ ಅದು ಗಮನಕ್ಕೇ ಬರಲಿಲ್ಲ ಅನ್ನುವುದು ಇನ್ನೂ ಉರಿ.

ಊರ ಹೊರಗಿನ ಹುಣಸೆಮರದ ಕೊಂಬೆಗೆ ಒಂದು ದೊಡ್ಡ ಕಬ್ಬಿಣದ ರಾಟೆ ಕಟ್ಟಿ, ಹಗ್ಗದ ಆ ತುದಿಗೆ ಮರಳಿನ ಮೂಟೆಗಳನ್ನು ನೇತು ಹಾಕಿದರು. ಮೂರು ತಿಂಗಳು, ದಿನಾ ಬೆಳಿಗ್ಗೆ ಆರಕ್ಕೆ, ಅದನ್ನೇ ಎಳೆದೆವು. ಹಗ್ಗ ಹಿಡಿದ ಮೇಲೆ ಯಾರೂ ಮಾತಾಡುವಂತಿಲ್ಲ, ಹಿಂದೆ ತಿರುಗುವಂತಿಲ್ಲ, ಹಗ್ಗವನ್ನು ಕೈಗೆ ಸುತ್ತಿಕೊಳ್ಳುವಂತಿಲ್ಲ. ಈರಕ್ಕ "ಹಿಡಿ" ಎಂದರೆ ಹಿಡಿ. "ಹೆಜ್ಜೆ" ಎಂದರೆ ಒಂದು ಹೆಜ್ಜೆ ಹಿಂದಕ್ಕೆ. ಬೇರೆ ಯಾರ ಮಾತೂ ಕಿವಿಗೆ ಬೀಳಬಾರದು.

ಒಂದೇ ಒಂದು ವಿಷಯಕ್ಕೆ ಕೂಗು ಕಾಯುವಂತಿರಲಿಲ್ಲ. ಎದುರು ತಂಡದವರು ಕಾಲು ಬದಲಿಸುವಾಗ ಹಗ್ಗ ಕಣ್ಣು ಮಿಟುಕಿಸುವಷ್ಟು ಹೊತ್ತು ಸಡಿಲವಾಗುತ್ತದೆ. ಆಟ ಗೆಲ್ಲುವುದು ಆ ಕ್ಷಣದಲ್ಲಿ ಎಂದರು ನರಸಿಂಹರಾಜು. ಸಡಿಲ ಅನ್ನಿಸಿದ ಕೂಡಲೇ ಎಂಟೂ ಜನ ಮೈಭಾರವನ್ನೆಲ್ಲ ಹಿಂದಕ್ಕೆ ಬಿಟ್ಟು ಕೂತುಬಿಡಬೇಕು.

"ಕೈಗೆ ಸಡಿಲ ಗೊತ್ತಾಗ್ತಿದ್ದಂಗೇ ಕೂತ್ಕಂಬುಡಿ. ಯೋಚನೆ ಮಾಡ್ಬ್ಯಾಡಿ. ಯೋಚನೆ ಮಾಡಿದ್ರೆ ತಡ ಆಯ್ತದೆ."

ಇದಕ್ಕಾಗಿ ಅವರು ಮರದ ಆಚೆ ನಿಂತು ಮರಳಿನ ಮೂಟೆಗಳಿಗೆ ಹೆಗಲು ಕೊಟ್ಟು ಇದ್ದಕ್ಕಿದ್ದಂತೆ ಮೇಲೆತ್ತುತ್ತಿದ್ದರು. ನಾವು ದೊಪ್ಪನೆ ಹಿಂದಕ್ಕೆ ಕೂರುತ್ತಿದ್ದೆವು. ದಿನಕ್ಕೆ ಐವತ್ತು ಸಲ. ಕೊನೆಕೊನೆಗೆ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗಲೂ, ಬಸ್ಸು ನಿಧಾನವಾದರೆ ನನ್ನ ಮೈ ತಾನಾಗಿ ಹಿಂದಕ್ಕೆ ವಾಲುತ್ತಿತ್ತು.

ಮಧುಗಿರಿಯಲ್ಲಿ ಗೆದ್ದೆವು. ಕೊರಟಗೆರೆ ರಸ್ತೆಯ ಕಡೆಯ ಊರೊಂದರ ತಂಡವನ್ನು ಕೊನೆಯ ಸುತ್ತಿನಲ್ಲಿ, ಅದೇ ಸಡಿಲಿನ ಪಟ್ಟಿನಿಂದ, ಇಡಿಯಾಗಿ ಮುಗ್ಗರಿಸಿ ಬೀಳುವಂತೆ ಮಾಡಿದೆವು. ನರಸಿಂಹರಾಜು ಮೈದಾನದ ಮೂಲೆಯಲ್ಲಿ ನಿಂತು ಒಂದೇ ಒಂದು ಸಲ ಚಪ್ಪಾಳೆ ತಟ್ಟಿದ್ದನ್ನು ನಾನು ಕಣ್ಣಾರೆ ನೋಡಿದೆ.

ಅದಾದ ಇಪ್ಪತ್ತನಾಲ್ಕನೆಯ ದಿನ ಊರ ಬಾವಿ ಕುಸಿಯಿತು.

ಅದು ಹಳೆಯ ಕಲ್ಲುಕಟ್ಟಡದ ಬಾವಿ, ಎಂಟಾಳು ಆಳ. ನಮ್ಮಜ್ಜಿಯ ಕಾಲದಲ್ಲಿ ನಮ್ಮ ಕೇರಿಯವರು ಅದರ ಕಟ್ಟೆ ಮುಟ್ಟುವಂತಿರಲಿಲ್ಲ. ಕೊಡ ಕೆಳಗಿಟ್ಟು, ಯಾರಾದರೂ ಪುಣ್ಯಾತ್ಮರು ಮೇಲಿಂದ ಹೊಯ್ಯಲಿ ಎಂದು ಕಾಯಬೇಕಿತ್ತು. ಆಮೇಲೆ ನಲ್ಲಿ ಬಂತು, ಬಾವಿಗೆ ಹೂಳು ತುಂಬಿತು. ಈಗ ಪಂಚಾಯಿತಿಯವರು ಹೂಳು ತೆಗೆಸಲು ಹೊರಟಾಗ ಬಾವಿಗೆ ಇಳಿದವರು ಯಾರು ಅಂದರೆ ನಮ್ಮ ಕೇರಿಯವರೇ. ಇದನ್ನು ಹೇಳದೆ ಮುಂದೆ ಹೋದರೆ ನನಗೆ ಸಮಾಧಾನ ಇಲ್ಲ, ಅದಕ್ಕೇ ಹೇಳಿದೆ.

ಹನ್ನೆರಡೂವರೆಗೆ ಎಲ್ಲರೂ ಊಟಕ್ಕೆ ಮೇಲೆ ಬಂದರು. ವೇದಾವತಿಯ ಗಂಡ ಕದರಪ್ಪ ಕೊನೆಯ ಮಂಕರಿಗೆ ಹೂಳು ತುಂಬಿಸಿ ಬರುತ್ತೇನೆ ಎಂದು ಒಳಗೇ ಉಳಿದ. ಆಗ ಬಾವಿಯ ತೆಂಕಣ ಗೋಡೆ ಬಿತ್ತು. ಹತ್ತಿ ಇಳಿಯಲು ಗೋಡೆಯಲ್ಲಿ ಚಾಚಿದ್ದ ಮೆಟ್ಟಿಲುಗಲ್ಲುಗಳು ಬಹುಪಾಲು ಅದರ ಜೊತೆಗೇ ಹೋದವು.

ಶಾಲೆಯಿಂದ ನಾನು ಓಡಿ ಬರುವ ಹೊತ್ತಿಗೆ ಅರ್ಧ ಊರು ಅಲ್ಲಿತ್ತು. ಕದರಪ್ಪ ಬದುಕಿದ್ದ. ಕೆಳಗೆ ಕೆಸರಿನಲ್ಲಿ, ಕಲ್ಲಿನ ಗುಡ್ಡೆಯ ಮೇಲೆ ಕೂತಿದ್ದ. ಬಲಗೈ ಜೋತುಬಿದ್ದಿತ್ತು. ಅವನ ತಲೆಯ ಮೇಲೆ, ಉಳಿದ ಗೋಡೆ ಹೊಟ್ಟೆ ಉಬ್ಬಿಸಿಕೊಂಡು ನಿಂತಿತ್ತು. ಎರಡು ಮೂರು ನಿಮಿಷಕ್ಕೊಂದು ಕಲ್ಲು ಜಾರಿ ಅವನ ಪಕ್ಕದಲ್ಲೇ ಬೀಳುತ್ತಿತ್ತು. ಅಗ್ನಿಶಾಮಕದವರಿಗೆ ಫೋನು ಮಾಡಿದ್ದರು. ಗಾಡಿ ಬುಕ್ಕಾಪಟ್ಟಣದ ಕಡೆ ಕಾಡಿಗೆ ಬಿದ್ದ ಬೆಂಕಿಗೆ ಹೋಗಿದೆ, ಬರಲು ಒಂದೂವರೆ ಗಂಟೆಯಾದರೂ ಬೇಕು ಅಂದರಂತೆ.

ಪಂಚಾಯಿತಿ ಸದಸ್ಯ ಚಿಕ್ಕರಂಗಯ್ಯ ಕಟ್ಟೆಯ ಮೇಲೆ ನಿಂತು ಕೈ ಬೀಸುತ್ತಿದ್ದ. ಅವನ ಸುತ್ತ ಹದಿನೈದು ಗಂಡಸರು. ಒಬ್ಬ ಏಣಿ ಅನ್ನುತ್ತಿದ್ದ, ಒಬ್ಬ ಜೆಸಿಬಿ ಅನ್ನುತ್ತಿದ್ದ, ಒಬ್ಬ ಕದರಪ್ಪನಿಗೆ ಎದ್ದು ನಿಲ್ಲು ಅನ್ನುತ್ತಿದ್ದ, ಇನ್ನೊಬ್ಬ ಅಲ್ಲಾಡಬೇಡ ಅನ್ನುತ್ತಿದ್ದ. ವೇದಾವತಿ ನೆಲದ ಮೇಲೆ ಕೂತಿದ್ದಳು. ಅಳುತ್ತಿರಲಿಲ್ಲ. ಎರಡೂ ಅಂಗೈಯಿಂದ ಮಣ್ಣನ್ನು ಉಜ್ಜುತ್ತಿದ್ದಳು.

ನರಸಿಂಹರಾಜು ಬಂದವರು ಯಾರ ಜೊತೆಯೂ ಮಾತಾಡಲಿಲ್ಲ. ಮಲಗಿಕೊಂಡು ಬಾವಿಗೆ ಇಣುಕಿ ನೋಡಿದರು, ಎದ್ದರು. ನನ್ನ ಕಡೆ ತಿರುಗಿ, "ಮೇಡಂ, ಹುಣಸೆಮರದ ರಾಟೆ, ಹಗ್ಗ. ಓಡಿ," ಅಂದರು. ಎಪ್ಪತ್ತನಾಲ್ಕು ಕೆಜಿ ಹೊತ್ತು ನಾನು ಹಾಗೆ ಓಡಿದ್ದು ಅದೇ ಮೊದಲು.

ಬಾವಿಯ ಎರಡು ಕಲ್ಲುಕಂಬಗಳು ಇನ್ನೂ ಗಟ್ಟಿಯಿದ್ದವು. ಅವುಗಳ ನಡುವಿನ ತೊಲೆಗೆ ರಾಟೆ ಬಿಗಿದರು. ಹಗ್ಗದ ತುದಿಯಲ್ಲಿ ಜಾರದಂಥ ಕುಣಿಕೆ ಹಾಕಿ, ಗೋಣಿಚೀಲ ಸುತ್ತಿ, ಕೆಳಗೆ ಬಿಟ್ಟರು. ಕದರಪ್ಪ ಒಂದೇ ಕೈಯಲ್ಲಿ ಅದನ್ನು ತಲೆಯಿಂದ ಕಂಕುಳ ಕೆಳಗೆ ಇಳಿಸಿಕೊಂಡ. ಅಷ್ಟರಲ್ಲಿ ಗಂಡಸರು ಹಗ್ಗಕ್ಕೆ ಕೈ ಹಾಕಿಯಾಗಿತ್ತು. ಚಿಕ್ಕರಂಗಯ್ಯ "ಐಸಾ" ಎಂದು ಶುರು ಮಾಡಲು ಬಾಯಿ ತೆಗೆದಿದ್ದ.

"ಕೈ ತೆಗೀರಿ," ಅಂದರು ನರಸಿಂಹರಾಜು.

"ಯಾಕ್ಲಾ? ಗಂಡಸ್ರು ನಾವಿಷ್ಟು ಜನ ಇದ್ದೀವಿ."

"ಇದ್ದೀರಿ. ಇಷ್ಟು ಜನ ಇಷ್ಟು ಕಡೆ ಎಳೀತೀರಿ. ಇವ್ರು ಎಂಟು ಜನ ಒಂದೇ ಕಡೆ ಎಳೀತಾರೆ."

ಚಿಕ್ಕರಂಗಯ್ಯನ ಮುಖ ಕಪ್ಪಿಟ್ಟಿತು. ಅವನು ಏನೋ ಹೇಳುತ್ತಿದ್ದ, ಆಗ ಒಂದು ಕಲ್ಲು ಜಾರಿ ಕೆಳಗೆ ಬಿದ್ದ ಸದ್ದು ಬಂತು. ಎಲ್ಲರೂ ಹಗ್ಗ ಬಿಟ್ಟರು.

ನಾವು ಸಾಲಾಗಿ ನಿಂತೆವು. ವೇದಾವತಿ ಎದ್ದು ಬಂದು ತನ್ನ ಜಾಗಕ್ಕೆ ನಿಂತಳು. ನರಸಿಂಹರಾಜು ಅವಳ ಹತ್ತಿರ ಹೋದರು.

"ನೀನು ಬ್ಯಾಡ ಕಣಮ್ಮ."

"ಅವನ ಹಗ್ಗ ಇನ್ನೊಬ್ರ ಕೈಗೆ ಕೊಡಾಕಿಲ್ಲ ನಾನು."

"ಹಗ್ಗ ಹಿಡಿದ್ರೆ ನೀನು ಹೆಂಡ್ತಿ ಅಲ್ಲ. ಐದನೇ ನಂಬರು. ಆಯ್ತದಾ?"

"ಆಯ್ತದೆ."

ಅವರು ಆಗಲಿ ಎಂದು ತಲೆದೂಗಿದರು. ಈರಕ್ಕನನ್ನು ಕರೆದು ಬಾವಿಯ ಅಂಚಿನಲ್ಲಿ ಬೋರಲು ಮಲಗಿಸಿದರು, ಅವಳ ಕಾಲುಗಳನ್ನು ಹಿಡಿದುಕೊಳ್ಳಲು ಇಬ್ಬರನ್ನು ಕೂರಿಸಿದರು. ಆಮೇಲೆ ನಾನು ಎಣಿಸದೇ ಇದ್ದದ್ದನ್ನು ಮಾಡಿದರು. ಇಷ್ಟೆಲ್ಲ ಏರ್ಪಾಡು ಮಾಡಿದವರು ಮುಂದೆ ನಿಂತು ಆಜ್ಞೆ ಕೊಡುತ್ತಾರೆ ಅಂದುಕೊಂಡರೆ, ನಮ್ಮೆಲ್ಲರನ್ನೂ ದಾಟಿ ಹಿಂದಕ್ಕೆ ಹೋಗಿ, ಓಬಳಮ್ಮನ ಬೆನ್ನ ಹಿಂದೆ ಹಗ್ಗದ ಕೊನೆಯನ್ನು ಹೆಗಲಿಗೆ ಹಾಕಿಕೊಂಡು ನಿಂತರು.

"ಈರಕ್ಕನ್ನ ಬಿಟ್ರೆ ಇನ್ಯಾರ ಮಾತೂ ಕೇಳ್ಬ್ಯಾಡಿ," ಎಂಬ ಅವರ ದನಿ ಹಿಂದಿನಿಂದ ಬಂತು. "ನನ್ನ ಮಾತೂ ಕೇಳ್ಬ್ಯಾಡಿ. ನಂಗೆ ಇಲ್ಲಿಂದ ಏನೂ ಕಾಣಾಕಿಲ್ಲ."

"ಹಿಡಿ," ಅಂದಳು ಈರಕ್ಕ.

ಹಗ್ಗ ಬಿಗಿಯಾಯಿತು. "ಹೆಜ್ಜೆ," ಅಂದಳು. ಎಲ್ಲರೂ ಒಂದು ಹೆಜ್ಜೆ ಹಿಂದಕ್ಕೆ. ರಾಟೆ ಕಿರುಗುಟ್ಟಿತು. ನಾನು ಎರಡನೆಯವಳಾದ್ದರಿಂದ ನನಗೆ ಈರಕ್ಕನ ಬೆನ್ನು, ಅವಳ ಒಂದು ಕೈ ಕಾಣುತ್ತಿತ್ತು. ವೇದಾವತಿಗೆ ಮುಂದಿನವಳ ಜಡೆಯ ಹೊರತು ಏನೂ ಕಾಣುತ್ತಿರಲಿಲ್ಲ. ಹೆಜ್ಜೆ. ಹೆಜ್ಜೆ. ಈರಕ್ಕ ಅವಸರ ಮಾಡಲಿಲ್ಲ. ಕುರಿಗಳನ್ನು ಇಳಿಜಾರಿನಲ್ಲಿ ಇಳಿಸುವಾಗಿನ ದನಿಯೇ ಅದು.

ಅರ್ಧ ದಾರಿ ಬಂದಿರಬೇಕು. ಕದರಪ್ಪನ ಕಾಲಿಗೆ ಗೋಡೆಯಲ್ಲಿ ಮುರಿದುಳಿದ ಒಂದು ಮೆಟ್ಟಿಲುಗಲ್ಲು ಸಿಕ್ಕಿತು. ಸುಸ್ತಾದ ಮನುಷ್ಯ. ನಮಗೂ ಭಾರ ಕಡಿಮೆಯಾಗಲಿ ಎಂದು ಅದರ ಮೇಲೆ ಕಾಲೂರಿ ನಿಂತ.

ಹಗ್ಗ ಸಡಿಲವಾಯಿತು.

ನಾವು ಕೂತೆವು. ಎಂಟೂ ಜನ, ಒಂದೇ ಸಲ, ಯೋಚನೆ ಮಾಡದೆ. ಮೂರು ತಿಂಗಳು ಕಲಿತದ್ದು ಅದನ್ನೇ. ಎದುರಿಗೆ ಐನೂರು ಕೆಜಿಯ ತಂಡ ಇದ್ದರೆ ಅಂಥ ಕೂರುವಿಕೆಗೆ ಎರಡು ಗೇಣು ಸಿಗುತ್ತಿತ್ತು. ಈ ಹಗ್ಗದ ತುದಿಯಲ್ಲಿ ಇದ್ದದ್ದು ಐವತ್ತೈದು ಕೆಜಿಯ ಒಬ್ಬ ಮನುಷ್ಯ. ಅವನು ಚೆಂಡಿನ ಹಾಗೆ ಮೇಲೆ ಹಾರಿ, ಉಬ್ಬಿ ನಿಂತಿದ್ದ ಗೋಡೆಯ ಕಲ್ಲೊಂದಕ್ಕೆ ಕೆಳಗಿನಿಂದ ಹೊಡೆದುಕೊಂಡ. ಆ ಸದ್ದು ನಮಗೆಲ್ಲ ಕೇಳಿಸಿತು. ಆಮೇಲೆ ಒಂದು ಕೂಗು. ಆಮೇಲೆ ಕಲ್ಲುಗಳು ಕೆಸರಿಗೆ ಬೀಳುವ ಸದ್ದು. ಆಮೇಲೆ ಏನೂ ಇಲ್ಲ.

"ಹಿಡಿ," ಎಂದು ಈರಕ್ಕ ಕಿರುಚಿದಳು. "ಹಿಡಿ. ಅಲ್ಲಾಡ್ಬ್ಯಾಡಿ."

ಹಿಡಿದೆವು. ನನ್ನ ಹಿಂದೆ ವೇದಾವತಿಯ ಉಸಿರು ಕೇಳುತ್ತಿತ್ತು. ಅವಳು ಹಗ್ಗ ಬಿಟ್ಟು ಬಾವಿಯ ಕಡೆ ಓಡುತ್ತಾಳೆ ಅಂದುಕೊಂಡೆ. ಬಿಡಲಿಲ್ಲ.

ಸುತ್ತ ಇದ್ದವರೆಲ್ಲ ಕೂಗತೊಡಗಿದರು. ಎಳೀರಿ, ಅರ್ಧ ಬಂದವ್ನೆ, ಎಳ್ದುಬುಡಿ. ಚಿಕ್ಕರಂಗಯ್ಯನ ದನಿ ಎಲ್ಲಕ್ಕಿಂತ ಜೋರಾಗಿತ್ತು. ನನಗೂ ಹಾಗೇ ಅನ್ನಿಸಿತ್ತು. ಇನ್ನೊಂದೇ ಜಗ್ಗಿಗೆ ಅವನು ಮೇಲೆ ಬಂದುಬಿಡುತ್ತಾನೆ. ಈರಕ್ಕನ ಜಾಗದಲ್ಲಿ ನಾನಿದ್ದಿದ್ದರೆ ಎಳೀರಿ ಅಂದುಬಿಡುತ್ತಿದ್ದೆ.

ಈರಕ್ಕ ಅಂದಳು: "ಕೆಳಕ್ ಬುಡಿ. ಒಂದು ಮೊಳ. ಭುಜ ಕಲ್ಲಿನ ಅಡೀಲಿ ಸಿಕ್ಕಂಡೈತೆ. ಎಳೆದ್ರೆ ಮುರೀತದೆ, ಗ್ವಾಡೆನೂ ಬತ್ತದೆ."

ಯಾರೂ ಅಲುಗಲಿಲ್ಲ.

ನಮಗೆ ಅದು ಗೊತ್ತೇ ಇರಲಿಲ್ಲ. ಹಗ್ಗ ಹಿಡಿದ ಮೇಲೆ ಮುಂದಕ್ಕೆ ಒಂದು ಹೆಜ್ಜೆ ಇಡುವುದು ನಮ್ಮ ಲೆಕ್ಕದಲ್ಲಿ ಸೋಲು. ಮೂರು ತಿಂಗಳಲ್ಲಿ ಒಂದೇ ಒಂದು ದಿನವೂ ನಾವು ಹಗ್ಗ ಬಿಟ್ಟುಕೊಡುವುದನ್ನು ಕಲಿತಿರಲಿಲ್ಲ. ಈರಕ್ಕ ಹೇಳಿದ್ದು ಕಿವಿಗೆ ಬಿತ್ತು, ಕಾಲಿಗೆ ಇಳಿಯಲಿಲ್ಲ. ಹಿಂದಿನಿಂದ ಅವರು ಏನಾದರೂ ಹೇಳುತ್ತಾರೆ ಎಂದು ಎಂಟೂ ಜನ ಕಾಯುತ್ತಿದ್ದೆವು. ಏನೇ ಹೇಳಿದರೂ ಹಾಗೇ ಮಾಡುತ್ತಿದ್ದೆವು. ನನ್ನ ಮಾತು ಕೇಳಬೇಡಿ ಎಂದು ಆಗಷ್ಟೇ ಹೇಳಿದ್ದರೂ, ಇಡೀ ಊರು ಆ ಒಬ್ಬ ಮನುಷ್ಯನ ಬಾಯನ್ನೇ ನೋಡುತ್ತಿತ್ತು.

"ಸುಬೇದಾರ್ರೇ, ಎಳಿ ಅನ್ರಿ," ಎಂದು ಯಾರೋ ಕೂಗಿದರು.

ಅವರು ಬಾಯಿ ತೆರೆದದ್ದನ್ನು ಚಿಕ್ಕರಂಗಯ್ಯ ನೋಡಿದನಂತೆ. ತೆರೆದು, ಮುಚ್ಚಿದರಂತೆ. ನನಗೆ ಗೊತ್ತಾದದ್ದು ಇಷ್ಟೇ: ನನ್ನ ಕೈಯಲ್ಲಿದ್ದ ಹಗ್ಗ ಮುಂದಕ್ಕೆ ಹೋಯಿತು. ಹಗ್ಗದ ಕೊನೆಯಲ್ಲಿ ನಿಂತವರು ಮುಂದಕ್ಕೆ ಹೆಜ್ಜೆ ಇಟ್ಟಿದ್ದರು. ಅವರ ಎದೆ ತಾಗಿ ಓಬಳಮ್ಮ ಇಟ್ಟಳು, ಓಬಳಮ್ಮ ಇಟ್ಟದ್ದಕ್ಕೆ ಏಳನೆಯವಳು, ಹಾಗೇ ನನ್ನವರೆಗೆ. ಒಂದು ಮಾತೂ ಇಲ್ಲ.

"ಇನ್ನೊಂದು ಗೇಣು," ಅಂದಳು ಈರಕ್ಕ. ಕೊಟ್ಟೆವು. "ಕದರಣ್ಣ, ಕಲ್ಲಿಗೆ ಕಾಲು ಕೊಟ್ಟು ಈ ಕಡೆ ತಳ್ಕಾ. ಕೇಳ್ತೈತಾ? ಕೇಳಿದ್ರೆ ಕೈ ಎತ್ತು." ಒಂದು ಉಸಿರು, ಎರಡು ಉಸಿರು. "ಎತ್ತಿದ. ವೇದಕ್ಕ, ಕೈ ಎತ್ತಿದ."

ಆಗ ಮೊದಲ ಸಲ ವೇದಾವತಿ ಬಿಕ್ಕಿದಳು. ಹಗ್ಗ ಮಾತ್ರ ಅಲುಗಲಿಲ್ಲ.

ಹಿಂದಿನಿಂದ ನರಸಿಂಹರಾಜು ಒಂದೇ ಒಂದು ಸಲ ಮಾತಾಡಿದರು. "ಹಗ್ಗ ಸಡಿಲಾದ್ರೆ ಯಾರೂ ಕೂತ್ಕಬ್ಯಾಡಿ. ನಾನು ಹೇಳ್ಕೊಟ್ಟಿದ್ದು ತಪ್ಪು. ಮರ್ತುಬುಡಿ."

ಮೈ ಕಲಿತದ್ದನ್ನು ಮೈ ಅಷ್ಟು ಬೇಗ ಮರೆಯುತ್ತದೆಯೇ. ಮತ್ತೆ ಹೆಜ್ಜೆ, ಹೆಜ್ಜೆ. ಬಾವಿಯ ಬಾಯಿಗಿಂತ ಒಂದಾಳು ಕೆಳಗೆ ಇನ್ನೊಂದು ಮೆಟ್ಟಿಲುಗಲ್ಲು ಉಳಿದಿತ್ತು. ಕದರಪ್ಪನ ಕಾಲು ಅದಕ್ಕೂ ತಾಗಿತು. ಹಗ್ಗ ಮತ್ತೆ ಸಡಿಲವಾಯಿತು. ನನ್ನ ಸೊಂಟ ಹಿಂದಕ್ಕೆ ಹೋಗಿಯೇಬಿಟ್ಟಿತ್ತು. ತುಟಿ ಕಚ್ಚಿ, ಹಿಮ್ಮಡಿ ಎತ್ತಿ, ಬೆರಳ ತುದಿಯ ಮೇಲೆ ನಿಂತು ತಡೆದೆ. ತುಟಿಯಲ್ಲಿ ರಕ್ತದ ರುಚಿ ಬಂತು. ಹಿಂದೆ ಏಳು ಜನ ಹಾಗೇ ನಡುಗುತ್ತ ನಿಂತಿದ್ದರು. ಯಾರೂ ಕೂರಲಿಲ್ಲ.

"ಈಗ ನಿಧಾನಕ್ಕೆ," ಅಂದಳು ಈರಕ್ಕ.

ಕದರಪ್ಪನ ತಲೆ ಕಂಡಿತು. ಹತ್ತು ಕೈಗಳು ಅವನನ್ನು ಕಟ್ಟೆಯ ಮೇಲೆ ಎಳೆದುಕೊಂಡವು. ದವಡೆ ಒಂದು ಕಡೆಗೆ ತಿರುಗಿಹೋಗಿತ್ತು, ಬಾಯಿ ತುಂಬ ರಕ್ತ, ಆದರೆ ಕಣ್ಣು ಬಿಟ್ಟಿದ್ದ. ವೇದಾವತಿ ಹಗ್ಗ ಬಿಟ್ಟದ್ದು ಆಮೇಲೆ.

ಜನ ನರಸಿಂಹರಾಜು ಅವರನ್ನು ಎತ್ತಿಕೊಳ್ಳಲು ಹೋದರು. ಅವರು ಬಿಡಿಸಿಕೊಂಡು, ಅಷ್ಟರಲ್ಲಿ ಬಂದಿದ್ದ ಆಂಬುಲೆನ್ಸಿನ ಬಾಗಿಲ ಹತ್ತಿರ ಹೋಗಿ ವೇದಾವತಿಗೆ ಹೇಳಿದ ಮಾತನ್ನು ನಾನು ಪಕ್ಕದಲ್ಲಿದ್ದು ಕೇಳಿದೆ.

"ಅವ್ನ ದವಡೆ ಮುರಿದಿದ್ದು ಕಲ್ಲಲ್ಲ ಕಣಮ್ಮ. ನನ್ನ ಪಾಠ."

ವೇದಾವತಿ ಗಂಡನ ಪಕ್ಕ ಹತ್ತಿ ಕೂತಳು. ಬಾಗಿಲು ಮುಚ್ಚಿತು.

ಆ ಉಬ್ಬಿದ ಗೋಡೆ ಬಿದ್ದದ್ದು ಮಾರನೆಯ ಬೆಳಿಗ್ಗೆ. ಅಗ್ನಿಶಾಮಕದವರು ಬರುವವರೆಗೆ ಕಾದಿದ್ದರೂ ಕದರಪ್ಪ ಉಳಿಯುತ್ತಿದ್ದ, ದವಡೆಯೂ ಉಳಿಯುತ್ತಿತ್ತು. ಇದನ್ನು ಊರಲ್ಲಿ ಮೊದಲು ಹೇಳಿದವರು ನರಸಿಂಹರಾಜು ಅವರೇ. ಯಾರೂ ಕೇಳಿರಲಿಲ್ಲ.

ಕದರಪ್ಪನ ದವಡೆಗೆ ತುಮಕೂರಿನಲ್ಲಿ ತಂತಿ ಕಟ್ಟಿದರು. ಒಂದೂವರೆ ತಿಂಗಳು ಗಂಜಿ. ಹುಣಸೆಮರದ ಕೆಳಗೆ ಅಭ್ಯಾಸ ನಿಂತುಹೋಯಿತು. ಅಷ್ಟರಲ್ಲಿ ನಮ್ಮ ಇಲಾಖೆಯ ಮೇಲಿನವರು ಶಾಲೆಗೆ ಒಂದು ಕಾಗದ ಕಳಿಸಿದರು. ಮಾಜಿ ಸೈನಿಕರಿಂದ ನಾಯಕತ್ವದ ಬಗ್ಗೆ ಮಕ್ಕಳಿಗೆ ಉಪನ್ಯಾಸ ಕೊಡಿಸಿ, ಫೋಟೋ ಕಳಿಸಿ ಅಂತ. ನಾನು ನರಸಿಂಹರಾಜು ಅವರ ಮನೆಗೆ ಹೋದೆ. ಅದು ತಿಂಗಳ ಮೊದಲ ಭಾನುವಾರ. ಅವರು ಇಸ್ತ್ರಿ ಅಂಗಿ ಹಾಕಿಕೊಂಡು ಹೊರಡುತ್ತಿದ್ದರು.

ವಿಷಯ ಕೇಳಿ, "ನಾಯಕತ್ವ ನೋಡ್ಬೇಕಾ ಮೇಡಂ? ಬನ್ನಿ, ಪಾವಗಡಕ್ಕೆ ಹೋಗ್ಬರೋಣ," ಅಂದರು.

ಬಸ್ಸಿನಲ್ಲಿ ಅವರೇ ಹೇಳಿದರು, ಕಿಟಕಿಯ ಆಚೆ ನೋಡುತ್ತ. ಎರಡು ಸಾವಿರದ ಮೂರನೇ ಇಸವಿ. ಬೆಟ್ಟದ ಕಡೆ ಒಂದು ಸೇತುವೆ. ಅವರು ಆಗ ಹವಾಲ್ದಾರ್. ಉಕ್ಕಿನ ತೊಲೆಯೊಂದನ್ನು ಹನ್ನೆರಡು ಜನ ಹಗ್ಗದಲ್ಲಿ ಮೇಲೆಳೆಯುತ್ತಿದ್ದರು. ಇವರು ಹಗ್ಗದ ಕೊನೆಯಲ್ಲಿ, ಎಂದಿನ ಜಾಗದಲ್ಲಿ. ಮುಂದೆ ತೊಲೆಯ ಪಕ್ಕದಲ್ಲಿ ಇದ್ದವನು ಪಾವಗಡದ ಹುಡುಗ ಮೋಹನ್ ಕುಮಾರ್. ಅವನು "ತಡೀರಿ" ಅಂದ. ಇವರ ಕೈಗೆ ಹಗ್ಗ ಸಡಿಲ ಅನ್ನಿಸಿತು. ತಂಡದಲ್ಲಿ ಒಂಬತ್ತು ವರ್ಷ ಆಡಿದ ಮೈ. ಸಿಪಾಯಿಯ ಮಾತಿಗಿಂತ ಹವಾಲ್ದಾರನ ಕೈ ದೊಡ್ಡದು. "ಎಳೀರಿ" ಎಂದು ಕೂಗಿಬಿಟ್ಟರು. ತೊಲೆ ತಿರುಗಿ ಮೋಹನ್ ಕುಮಾರನ ಎಡಗಾಲ ಮೇಲೆ ಬಿತ್ತು. ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು.

"ವಿಚಾರಣೇಲಿ ಅವ್ನು ನನ್ನ ಹೆಸರು ಹೇಳ್ಲಿಲ್ಲ. ಹೇಳಿದ್ದಿದ್ರೆ ಚೆನ್ನಾಗಿತ್ತು," ಅಂದರು. "ಅವತ್ತಿಂದ ಒಂದು ಕಲಿತೆ ಮೇಡಂ, ಕಾಣದವನು ಕೂಗಬಾರ್ದು ಅಂತ. ಅಷ್ಟೇ ಕಲಿತೆ. ಮೈಗೆ ಹತ್ತಿದ್ದು ಬುಟ್ಟಿರಲಿಲ್ಲ. ಅದನ್ನ ನಿಮಗೂ ಹತ್ತಿಸ್ಬುಟ್ಟೆ."

ಸಣ್ಣ ಸಂಸಾರದ ಮಾತಾಡಿದ್ದ ನಾನು ಕೈಯಲ್ಲಿದ್ದ ಉಪನ್ಯಾಸದ ಕಾಗದವನ್ನು ಮಡಚಿ ಬ್ಯಾಗಿನ ತಳಕ್ಕೆ ತುರುಕಿದೆ.

ಮೋಹನ್ ಕುಮಾರ್ ಪಾವಗಡದ ಬಸ್‌ಸ್ಟ್ಯಾಂಡ್ ಹತ್ತಿರ ಜೆರಾಕ್ಸ್ ಅಂಗಡಿ ಇಟ್ಟಿದ್ದಾನೆ. ಕೃತಕ ಕಾಲು. ಗಿರಾಕಿಗಳ ಜೊತೆ ಅರ್ಧ ತೆಲುಗು, ಅರ್ಧ ಕನ್ನಡ. ನಮ್ಮನ್ನು ಸ್ಟೂಲಿನ ಮೇಲೆ ಕೂರಿಸಿ ಟೀ ತರಿಸಿದ. ಇವರನ್ನು ಊರೆಲ್ಲ ಸುಬೇದಾರ್ ಅಂದರೂ ಅವನು ಹವಾಲ್ದಾರ್ ಸಾಬ್ ಎಂದೇ ಕರೆಯುತ್ತಾನೆ. ನರಸಿಂಹರಾಜು ಬಾವಿಯ ವಿಷಯವನ್ನು ಮೊದಲಿನಿಂದ ಕೊನೆಯವರೆಗೆ, ದವಡೆಯ ಸಮೇತ, ಒಂದನ್ನೂ ಬಿಡದೆ ಹೇಳಿದರು. ಅವನು ಕಾಗದದ ಕಟ್ಟನ್ನು ಮೇಜಿನ ಮೇಲೆ ಕುಟ್ಟಿ ಸಮ ಮಾಡುತ್ತ ಕೇಳಿಸಿಕೊಂಡ.

"ಕೆಳಕ್ಕೆ ಬಿಡಿ ಅಂದಿದ್ದು ಯಾರಂದ್ರಿ?"

"ಈರಕ್ಕ. ಕುರಿ ಮೇಯಿಸ್ತಾಳೆ."

"ಎಲ್ರೂ ಎಳಿ ಎಳಿ ಅಂತಿದ್ರಾ?"

"ಹೂಂ. ನಂಗೂ ಬಾಯಿಗೆ ಬಂದಿತ್ತು."

"ಆಮೇಲೆ ಮೊದ್ಲು ಹೆಜ್ಜೆ ಮುಂದಕ್ಕಿಟ್ಟಿದ್ದು ಯಾರು?"

ನರಸಿಂಹರಾಜು ಟೀ ಲೋಟ ಕೈಗೆತ್ತಿಕೊಂಡರು. ನಾನು ಹೇಳಿದೆ, "ಇವರೇ."

ಮೋಹನ್ ಕುಮಾರ್ ಕಾಗದದ ಕಟ್ಟನ್ನು ಕೆಳಗಿಟ್ಟ. ಇಪ್ಪತ್ತೊಂದು ವರ್ಷದಲ್ಲಿ ಇವರು ಎಷ್ಟು ಸಲ ಆ ಸ್ಟೂಲಿನ ಮೇಲೆ ಹೀಗೆ ಕೂತಿದ್ದಾರೋ, ರಜೆಯ ಮೇಲೆ ಬಂದಾಗ, ನಿವೃತ್ತರಾದ ಮೇಲೆ ತಿಂಗಳು ತಿಂಗಳು.

"ಮುಂದಿನ ತಿಂಗಳು ನೀವು ಬರಬೇಡಿ, ಸಾಬ್," ಅಂದ.

ಅವರ ಮುಖ ಇಳಿದುಹೋಯಿತು. ಅಷ್ಟು ದೊಡ್ಡ ಮನುಷ್ಯ, ಟೀ ಲೋಟ ಎಲ್ಲಿಡಬೇಕು ಎಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡರು.

"ನಾನೇ ಬರ್ತೀನಿ," ಅಂದ ಮೋಹನ್ ಕುಮಾರ್. "ಬೆಳಗಿನ ಬಸ್ಸಿಗೆ. ಕೆಳಕ್ಕೆ ಬಿಡಿ ಅಂದ ಆಯಮ್ಮನ್ನ ನೋಡ್ಬೇಕು. ಆಮೇಲೆ ನಿಮ್ಮ ಹಗ್ಗಾನೂ ಒಂದ್ಸಲ ಹಿಡೀತೀನಿ. ಹಿಂದೆ ನೀವೇ ನಿಂತ್ಕಳಿ."